ರುಕ್ಮಿಣಿಬಾಯಿ ನೀರು ಮುಟ್ಟದ ದಿನ

ನಮ್ಮ ಅತ್ತೆ ರುಕ್ಮಿಣಿಬಾಯಿಯವರಿಗೆ ನನ್ನ ಮೇಲಿದ್ದ ದೂರು ಒಂದೇ: ನಾನು ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ ಎಂಬುದು. ಅದೊಂದನ್ನೇ ಅವರು ದಿನಕ್ಕೆ ನಾಲ್ಕು ಬಗೆಯಲ್ಲಿ ಹೇಳಬಲ್ಲವರಾಗಿದ್ದರು. ಮುಂಜಾನೆ ಎದುರುಮನೆಯ ಹುಡುಗರು ವ್ಯಾನ್ ಹತ್ತುವಾಗ ಕಿಟಕಿಯಲ್ಲಿ ನಿಂತು, ‘ಇಸ್ತ್ರಿ ಅಂಗಿ ಹಾಕ್ಕೊಂಡು ಎಷ್ಟ್ ಚಂದ ಹೊಂಟಾವ ನೋಡು’ ಎನ್ನುವುದು ಒಂದು. ಹನ್ನೊಂದು ಗಂಟೆಗೆ ನಮ್ಮ ಅಮರ ಅಡುಗೆಮನೆಯಲ್ಲಿ ಕೂತು ಗಣಿತ ಬಿಡಿಸುತ್ತಿದ್ದರೆ, ‘ಈ ಹೊತ್ತಿಗೆ ಶಾಲ್ಯಾಗ ಪ್ರಾರ್ಥನಿ ಮುಗದು ಎರಡು ತಾಸು ಆಗಿರ್ತಿತ್ತು’ ಎನ್ನುವುದು ಎರಡು. ಮೂರನೆಯದು, ಮನೆಗೆ ಬಂದವರ ಎದುರು ಏನೂ ಹೇಳದೆ ನಿಟ್ಟುಸಿರು ಬಿಡುವುದು. ನಾಲ್ಕನೆಯದು ನೇರವಾಗಿ ನನ್ನ ಮುಖಕ್ಕೇ.

ನಾನೂ ಹೇಳಿಸಿಕೊಂಡು ಸುಮ್ಮನಿರುವ ಪೈಕಿಯಲ್ಲ. ನನ್ನ ಹೆಸರು ವಿಜಯಶ್ರೀ. ಕಲಬುರಗಿಯಲ್ಲಿ ಬಿ.ಎಸ್ಸಿ. ಮಾಡಿ, ಮದುವೆಯಾಗಿ ನಾಸಿಕಕ್ಕೆ ಬಂದವಳು. ಇಲ್ಲಿಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಐದು ವರ್ಷ ವಿಜ್ಞಾನ ಕಲಿಸಿದ್ದೇನೆ. ಒಂದೊಂದು ಕೋಣೆಯಲ್ಲಿ ಐವತ್ತೆರಡು ಮಕ್ಕಳು. ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕೊರೋನಾದಲ್ಲಿ ಶಾಲೆಗಳು ಮುಚ್ಚಿದಾಗ ಅಮರನಿಗೆ ಮನೆಯಲ್ಲೇ ಕಲಿಸತೊಡಗಿದೆ, ಮತ್ತೆ ತೆರೆದಾಗ ಕಳಿಸಲಿಲ್ಲ. ಈಗ ಅವನಿಗೆ ಹದಿಮೂರು. ಒಂಬತ್ತು ವರ್ಷದ ಅಶ್ವಿನಿಯಂತೂ ಶಾಲೆಯನ್ನು ಗೇಟಿನ ಹೊರಗಿನಿಂದ ನೋಡಿದ್ದಷ್ಟೇ. ನನ್ನ ಗಂಡ ರವಿಕಾಂತ ಸಾತಪುರದ ಕಾರ್ಖಾನೆಯೊಂದರಲ್ಲಿ ಸರಕಿನ ತಪಾಸಣೆ ಮಾಡುವವರು. ದಿನವಿಡೀ ತಪ್ಪು ಹುಡುಕಿ ಬೇಸತ್ತು ಬರುತ್ತಾರೋ ಏನೋ, ಮನೆಯಲ್ಲಿ ಯಾರ ತಪ್ಪನ್ನೂ ಹೇಳುವುದಿಲ್ಲ.

ಹೋದ ಸಲದ ದಸರೆಯ ದಿನ ಬನ್ನಿ ಕೊಟ್ಟು ಕಾಲಿಗೆ ಬಿದ್ದ ನನಗೆ ಅತ್ತೆ ಆಶೀರ್ವಾದದ ಜೊತೆಗೆ ಗಡುವನ್ನೂ ಕೊಟ್ಟರು.

‘ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ಎರಡೂ ಶಾಲಿಗೆ ಹೋಗ್ಬೇಕು. ಇಲ್ಲಂದ್ರ ನಾ ಸಂಭಾಜಿನಗರಕ್ಕ ಹೋಗಿ ವೈಜನಾಥನ ಮನ್ಯಾಗ ಇರ್ತೀನಿ.’

ವೈಜನಾಥ ನನ್ನ ಭಾವ. ಅತ್ತೆ ಬರಿ ಹೆದರಿಸುವವರಲ್ಲ, ಅಂದದ್ದನ್ನು ಮಾಡುವವರು. ಅವರು ಹೋದರೆ ನನ್ನ ಹಠ ಗೆದ್ದಂತೆ ಕಾಣುತ್ತದೆ, ಆದರೆ ಮನೆಯಲ್ಲಿ ಯಾರ ಮುಖವೂ ನೋಡುವಂತಿರುವುದಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. ನಮ್ಮ ಓದು ಹೇಗೆ ನಡೆಯುತ್ತದೆ ಎಂದು ಒಂದು ದಿನ ಪೂರ್ತಿ ಅವರಿಗೆ ತೋರಿಸಬೇಕು, ಗೋದಾವರಿಯ ದಂಡೆ ಹಿಡಿದು ನಾಸಿಕದಿಂದ ಸಂಭಾಜಿನಗರದ ಕಡೆಗೆ ಹೋಗಬೇಕು, ಸಂಜೆಗೆ ಭಾವನ ಮನೆ ಸೇರಬೇಕು.

ಅತ್ತೆ ಒಪ್ಪುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಒಪ್ಪಿಸಿದವಳು ಅಶ್ವಿನಿ. ನಕಾಶೆ ತಂದು ಅಜ್ಜಿಯ ತೊಡೆಯ ಮೇಲೆ ಹರಡಿ, ಮಾಂಜ್ರಾ ನದಿಯ ಮೇಲೆ ಬೆರಳಾಡಿಸುತ್ತ ಅದು ಕೊನೆಗೆ ಗೋದಾವರಿಗೆ ಸೇರುವ ಜಾಗ ತೋರಿಸಿದಳು. ಹೇಳಿದ್ದೆಲ್ಲ ಮರಾಠಿಯಲ್ಲಿ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅತ್ತೆ ಬೀದರ ಕನ್ನಡದಲ್ಲಿ ಕೇಳುತ್ತಾರೆ, ಅವು ನಾಸಿಕದ ಮರಾಠಿಯಲ್ಲಿ ಉತ್ತರ ಕೊಡುತ್ತವೆ, ಯಾರಿಗೂ ಅದರಿಂದ ಏನೂ ತೊಂದರೆ ಇಲ್ಲ.

‘ಅಂದ್ರ ನಮ್ಮ ಹೊಳಿ ಇದರ ತಂಗಿ ಅನ್ನು’ ಎಂದರು ಅತ್ತೆ. ‘ನಾನೂ ಬರ್ತೀನಿ. ಸಣ್ಣಾಕಿ ಇದ್ದಾಗ ನಮ್ಮವ್ವನ ಸಂಗಟ ಹೊಳಿ ದಂಡ್ಯಾಗ ಕುಂತು ಪೂಜಿ ಮಾಡ್ತಿದ್ದೆ. ಒಂದು ಸಲ ಮತ್ತ ಮಾಡ್ತೀನಿ.’

ಅವರು ಹುಟ್ಟಿದ್ದು ಭಾಲ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ, ಮಾಂಜ್ರಾದಿಂದ ಅರ್ಧ ಮೈಲು. ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಆಮೇಲೆ ತಂಗಿ ಹುಟ್ಟಿತು, ತೊಟ್ಟಿಲು ತೂಗಲು ಮನೆಯಲ್ಲಿ ನಿಲ್ಲಿಸಿಕೊಂಡರು. ಮಾಸ್ತರರು ಎರಡು ಸಲ ಕರೆಯಲು ಮನೆಗೆ ಬಂದಿದ್ದರಂತೆ. ಎರಡು ಸಲವೂ ಇವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರಂತೆ. ‘ಮೂರನೇ ಸಲ ಬರ್ತಾರಂತ ಭಾಳ ದಿನ ಕಾದೆ, ಬರ್ಲಿಲ್ಲ’ ಎಂದು ನನಗೆ ಒಂದೇ ಒಂದು ಸಲ ಹೇಳಿದ್ದಾರೆ. ಹುಡುಗಿಯನ್ನು ಮನೆಯಲ್ಲಿ ಕೂರಿಸಿಕೊಳ್ಳುವುದು ಎಂದರೆ ಅವರ ಲೆಕ್ಕದಲ್ಲಿ ಏನೆಂದು ನನಗೆ ಆವತ್ತೇ ತಿಳಿಯಬೇಕಿತ್ತು. ಆದರೆ ನಾನು ನನ್ನ ವಾದ ಗೆಲ್ಲುವ ಗಡಿಬಿಡಿಯಲ್ಲಿದ್ದೆ.

ಹದಿನೇಳಕ್ಕೆ ಮದುವೆಯಾಗಿ ನಾಸಿಕ ರೋಡಿಗೆ ಬಂದರು. ಮಾವ ಚಂದ್ರಾಮಪ್ಪನವರದು ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಒಂದು ಕಿರಾಣಿ ಅಂಗಡಿ. ಮಾವ ಬರೆದಿಡುವ ಮನುಷ್ಯ, ಯಾರು ಏನು ಒಯ್ದರೆಂಬುದೆಲ್ಲ ಅವರ ಪುಸ್ತಕದಲ್ಲಿ. ಅತ್ತೆಯ ತಲೆಯಲ್ಲಿದ್ದದ್ದು ಇನ್ನೊಂದು: ಯಾರು ಏನು ಒಯ್ದಿಲ್ಲ ಎಂಬುದು. ಗಲ್ಲಿಯ ಕೊನೆಯಲ್ಲಿ ಒಂಟಿಯಾಗಿದ್ದ ನೀಲಾಂಬಿಕಾ ಎಂಬಾಕೆ ಒಂದು ವಾರ ಅಕ್ಕಿ ಬೇಳೆ ಎಲ್ಲ ತರಿಸಿಕೊಂಡು ಚಹಾಪುಡಿ ಮಾತ್ರ ತರಿಸಲಿಲ್ಲವಂತೆ. ಚಹಾ ಇಲ್ಲದೆ ಆಕೆಗೆ ಬೆಳಗೇ ಆಗುವುದಿಲ್ಲ, ಏನೋ ಆಗಿದೆ ಎಂದು ಅತ್ತೆ ಅಂಗಡಿ ಬಿಟ್ಟು ಹೋಗಿ ನೋಡಿದರೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳು, ಕಣ್ಣು ಅರಿಶಿನ. ದವಾಖಾನೆಗೆ ಸೇರಿಸಿದ್ದು ಅತ್ತೆಯೇ. ಇದನ್ನು ನನಗೆ ಹೇಳಿದ್ದು ಮಾವ. ಅತ್ತೆಗೆ ಇದು ಹೇಳುವಂಥ ವಿಷಯವೆಂದೇ ಅನ್ನಿಸಿರಲಿಲ್ಲ.

ನಾನು ಮಾವನ ಪಂಗಡದವಳು. ನನಗೆ ವಹಿ ಬೇಕು, ಎಂದರೆ ನೋಟ್‌ಬುಕ್. ಪ್ರತಿದಿನ ಮಕ್ಕಳು ಏನು ನೋಡಿದರು, ಏನು ಕೇಳಿದರು, ಏನು ತಪ್ಪಿದರು ಎಂದು ವಹಿಯಲ್ಲಿ ಬರೆಯುತ್ತೇನೆ. ನಾಲ್ಕು ವರ್ಷದ ಹತ್ತೊಂಬತ್ತು ವಹಿಗಳಿವೆ. ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ ನಾನು ಎಂಬ ಜಂಬ ನನಗಿತ್ತು.

ದಸರೆಯಾದ ಮುಂದಿನ ಶನಿವಾರ ಹೊರಟೆವು. ನಾಲ್ಕು ಖಾಲಿ ಬಾಟಲಿಗಳು, ನಾಲ್ಕು ಜಾಗದ ನೀರು ತುಂಬಿ ಎಲ್ಲಿ ಎಷ್ಟು ಕೆಸರು ತಳಕ್ಕೆ ಕೂರುತ್ತದೆಂದು ನೋಡಲು. ಹಬ್ಬದ ತೋರಣದಿಂದ ಉಳಿದ ಒಂದು ಚೀಲ ಚೆಂಡು ಹೂ, ನೀರಿನಲ್ಲಿ ತೇಲಿಬಿಟ್ಟು ಹೊಳೆಯ ಓಟ ಅಳೆಯಲು. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಲೆ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಬಾಟಲಿ ಕುಡಿಯುವ ನೀರು. ಅತ್ತೆ ಸ್ನಾನ ಮಾಡಿ, ಬಾಯಿಗೆ ಹನಿ ನೀರೂ ಹಾಕದೆ ಕಾರು ಹತ್ತಿದರು. ಇಷ್ಟಲಿಂಗದ ಪೂಜೆಯಾಗದೆ ಅವರು ನೀರು ಮುಟ್ಟುವುದಿಲ್ಲ. ಮೈಯಲ್ಲಿ ಸಕ್ಕರೆ ಕಾಯಿಲೆ ಸೇರಿಕೊಂಡು ಹನ್ನೊಂದು ವರ್ಷವಾದರೂ ಆ ನೇಮ ತಪ್ಪಿಲ್ಲ. ದಿನಾ ಐದಕ್ಕೆ ಆಗುವ ಪೂಜೆ ಇವತ್ತು ಎಂಟೂವರೆ ಒಂಬತ್ತಕ್ಕೆ ಆದೀತು, ಅಷ್ಟೇ ತಾನೇ ಎಂದುಕೊಂಡೆವು.

ನಾಸಿಕದಲ್ಲಿ ಮೊದಲ ಬಾಟಲಿ ತುಂಬಿದೆವು. ನಿಫಾಡದ ಕಡೆ ದ್ರಾಕ್ಷಿ ತೋಟಗಳಲ್ಲಿ ಚಾಟಣಿ ನಡೆದಿತ್ತು, ಹೆಂಗಸರು ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದರು. ನಾಂದೂರ ಮಧ್ಯಮೇಶ್ವರದ ಪಕ್ಷಿಧಾಮದಲ್ಲಿ ಎರಡನೆಯ ಬಾಟಲಿ. ಹಕ್ಕಿಗಳು ಇನ್ನೂ ಪೂರಾ ಬಂದಿರಲಿಲ್ಲ. ಅಮರ ಹದಿನಾಲ್ಕು ಜಾತಿ ಗುರುತಿಸಿದ. ಅತ್ತೆ ನೋಡಿ, ‘ಇವೂ ಶಾಲಿಗೆ ಹೋಗಂಗಿಲ್ಲೇನು?’ ಎಂದರು. ರವಿಕಾಂತ ನಕ್ಕರು, ನಾನು ನಗಲಿಲ್ಲ.

ಅಲ್ಲಿಂದ ಮುಂದೆ, ಕೋಪರಗಾಂವದ ದಾರಿಯಲ್ಲಿ, ಒಂದು ಹಳ್ಳಿಯ ಘಾಟಿನ ಬಳಿ ಕಾರು ನಿಲ್ಲಿಸಿದೆವು. ಆಗಲೇ ಒಂಬತ್ತೂಕಾಲು. ಹಳೆಯ ಕಲ್ಲಿನ ಮೆಟ್ಟಿಲು, ಸುತ್ತ ಬಿಳಿ ಕಾಶದ ಹುಲ್ಲು ಆಳೆತ್ತರ. ಹಿಂದಿನ ವಾರದ ಮಳೆಯಿಂದ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನೀರಿಗೆ ಹತ್ತಿರದ ಮೆಟ್ಟಿಲ ಮೇಲೆ ಅತ್ತೆ ಚಾಪೆ ಹಾಕಿ ಕೂತರು. ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ವಿಭೂತಿ, ಬಿಲ್ವಪತ್ರೆ, ಹನಿ ನೀರು. ರವಿಕಾಂತ ಫೋನ್ ಬಂತೆಂದು ಬೇವಿನ ಮರದ ಕಡೆಗೆ ಹೋದರು.

ನಾವು ಹೂವಿನ ಕೆಲಸಕ್ಕೆ ತೊಡಗಿದೆವು. ಮೇಲ್ಗಡೆ ಅಮರ ನಿಂತು ಹೂ ಬಿಡುವುದು. ಮೂವತ್ತು ಮೀಟರ್ ಕೆಳಗೆ ನಾನು ವಹಿ ಹಿಡಿದು ನಿಲ್ಲುವುದು. ನಡುವೆ, ಅಜ್ಜಿ ಕೂತಿದ್ದ ಮೆಟ್ಟಿಲ ಹತ್ತಿರ, ಅಶ್ವಿನಿ ನನ್ನ ಫೋನಿನಲ್ಲಿ ಸೆಕೆಂಡು ಎಣಿಸುವುದು. ಮೊದಲ ಹೂ ನಲವತ್ತೊಂದು ಸೆಕೆಂಡಿಗೆ ಬಂತು. ಎರಡನೆಯದು ಮೂವತ್ತೆಂಟು. ಮೂರನೆಯದು ಸುಳಿಗೆ ಸಿಕ್ಕಿ ದಂಡೆಯ ಕಡೆ ಸರಿದು ಮತ್ತೆ ಓಡತೊಡಗಿತು. ‘ಪಳ, ಪಳ!’ ಓಡು, ಓಡು ಎಂದು ಅಮರ ತಂಗಿಗೆ ಕೂಗಿದ. ನನ್ನ ಕಣ್ಣು ಹೂವಿನ ಮೇಲೆ ನೆಟ್ಟಿತ್ತು.

ಪುಳಕ್ ಎಂಬ ಸಣ್ಣ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆಯ ಎಡಗೈ ಚಾಚಿದ್ದು ಚಾಚಿದಂತೆಯೇ ಇತ್ತು. ಅಂಗೈಯಲ್ಲಿ ಒಂದು ಬಿಲ್ವಪತ್ರೆ ಮಾತ್ರ. ಅಶ್ವಿನಿ ಅವರ ಪಕ್ಕದಲ್ಲಿ ನಿಂತಿದ್ದಳು, ಫೋನಿನಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು.

‘ಕೈ ನಡುಗ್ತು’ ಎಂದರು ಅತ್ತೆ. ‘ಲಿಂಗ ನೀರಾಗ ಹೋಯ್ತು.’

ರವಿಕಾಂತ ಪ್ಯಾಂಟು ಮಡಚಿಕೊಳ್ಳದೆಯೇ ನೀರಿಗಿಳಿದರು. ಎರಡು ಮೆಟ್ಟಿಲಿಗೆ ಮೊಣಕಾಲು, ನಾಲ್ಕನೆಯದಕ್ಕೆ ಎದೆ. ನೀರೊಳಗಿನ ಮೆಟ್ಟಿಲುಗಳ ಮೇಲೆಲ್ಲ ಮೊಣಕೈ ಆಳದ ಮೆತ್ತನೆಯ ಕೆಸರು, ಒಳಗೆ ಕೈ ಹಾಕಿದರೆ ಏನು ಹಿಡಿದೆವೆಂದು ತಿಳಿಯದು. ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ರೋಷನ್ ಎಂಬ ಮೀನುಗಾರ ಕೇಳದೆಯೇ ಬಂದು ಮುಳುಗಿದ. ಆಡು ಮೇಯಿಸುವ ಇಬ್ಬರು ಹೆಂಗಸರು ಬುಟ್ಟಿಯಲ್ಲಿ ಕೆಸರು ಗೋರಿ ಗೋರಿ ಮೆಟ್ಟಿಲ ಮೇಲೆ ಸುರಿದರು, ನಾನೂ ಅಮರನೂ ಅದನ್ನು ಬೆರಳಿನಿಂದ ಬಿಡಿಸಿದೆವು. ಅಮರ, ಪ್ರವಾಹದ ವೇಗ ಗೊತ್ತಿರುವುದರಿಂದ ಅದು ಎಲ್ಲಿಗೆ ಹೋಗಿರಬಹುದೆಂದು ಲೆಕ್ಕ ಹಾಕಬಹುದಲ್ಲ ಎಂದ. ‘ಅದೇನು ಹೂವೇನೋ, ತೇಲಿಕೊಂಡು ಹೋಗಲಿಕ್ಕೆ?’ ಎಂದು ರೇಗಿದೆ. ಅವನ ತಪ್ಪಲ್ಲ, ತೇಲುವುದನ್ನೇ ನಾನು ಕಲಿಸಿದ್ದು.

ಎರಡು ತಾಸು ಹುಡುಕಿದೆವು. ಮೇಲಿನ ಬಂಧಾರದಿಂದ ನೀರು ಬಿಟ್ಟಿದ್ದಾರೆ, ಹೊಸ ಕೆಸರು ಬಂದು ಕೂರುತ್ತಲೇ ಇದೆ, ದೀಪಾವಳಿ ಕಳೆದು ನೀರು ಇಳಿದ ಮೇಲೆ ನೋಡಬಹುದು ಎಂದು ರೋಷನ್ ಕೈ ಜೋಡಿಸಿ ಹೇಳಿದ. ಅವನ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು.

ಬಿಸಿಲು ನೆತ್ತಿಗೇರಿತ್ತು. ಅಕ್ಟೋಬರಿನ ಬಿಸಿಲು ಇಲ್ಲಿ ಚುರುಕು. ಅತ್ತೆ ಕೂತ ಮೆಟ್ಟಿಲು ಬಿಟ್ಟು ಏಳಲಿಲ್ಲ. ತುಟಿ ಒಣಗಿ ಬಿಳಿ ಪದರು ಕಟ್ಟಿತ್ತು. ಅಶ್ವಿನಿ ಅವರಿಗೆ ಒತ್ತಿಕೊಂಡು ಕೂತಿದ್ದಳು.

‘ಅತ್ತೀ, ಒಂದು ಗುಟುಕು ನೀರು ಕುಡೀರಿ. ಶುಗರ್ ಇಳದು ಬಿದ್ದೀರಿ ಅಂದ್ರ ಇಲ್ಲಿ ಡಾಕ್ಟರ್ ಸೈತ ಸಿಗಂಗಿಲ್ರಿ’ ಎಂದೆ.

‘ಲಿಂಗ ಇಲ್ಲದ ಮೈಯಾಗ ನೀರು ಹ್ಯಾಂಗ ಇಳಿಸ್ಲಿ, ನೀನೇ ಹೇಳು’ ಎಂದರು. ದನಿಯಲ್ಲಿ ಹಠ ಇರಲಿಲ್ಲ. ಆಗುವುದಿಲ್ಲ ಎಂಬುದನ್ನು ಸುಮ್ಮನೆ ತಿಳಿಸುತ್ತಿದ್ದರು.

ನನಗೆ ಅಳು, ಸಿಟ್ಟು ಎರಡೂ ಬಂದವು. ಐವತ್ತೊಂದು ವರ್ಷ ದಿನಾ ಅಂಗೈಯಲ್ಲಿಟ್ಟು ನೋಡಿದ ಲಿಂಗ ಅದು, ಮದುವೆಗೆ ಮೊದಲು ತವರಿನಲ್ಲಿ ಅಯ್ಯನವರು ಕಟ್ಟಿದ್ದು. ನನ್ನ ಲಿಂಗ ಮನೆಯ ದೇವರ ಮಾಡದಲ್ಲಿ ಡಬ್ಬಿಯೊಳಗಿದೆ. ಹಬ್ಬಕ್ಕೆ ತೆಗೆಯುತ್ತೇನೆ. ಒಂದು ಕಲ್ಲಿಗೋಸ್ಕರ ಪ್ರಾಣ ಬಿಡುತ್ತೀರಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆಡಿದ್ದರೆ ಇವತ್ತು ಇದನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ.

ಲಿಂಗ ಕಳೆದರೆ ಜಂಗಮರ ಕೈಯಿಂದ ಹೊಸದನ್ನು ಪಡೆಯಬೇಕು, ಅಲ್ಲಿಯವರೆಗೆ ಅನ್ನ ನೀರು ಇಲ್ಲ. ರವಿಕಾಂತ ಸಂಭಾಜಿನಗರಕ್ಕೆ ಅಣ್ಣನಿಗೆ ಫೋನ್ ಮಾಡಿದರು. ಭಾವ ಹತ್ತು ಕಡೆ ವಿಚಾರಿಸಿ ಅರ್ಧ ತಾಸಿಗೆ ತಿರುಗಿ ಮಾಡಿದರು. ಯೇವಲಾದಲ್ಲಿ ಒಂದು ಜಂಗಮರ ಮನೆ ಇದೆ, ಅಯ್ಯನವರು ತೀರಿಕೊಂಡು ಮೂರು ವರ್ಷವಾಯಿತು, ಆದರೆ ಮಗ ಇದ್ದಾನೆ ಎಂದರು.

ಹೊರಡುವ ಮೊದಲು ರವಿಕಾಂತ ಅಮರನಿಗೆ ರೊಟ್ಟಿ ಕೊಟ್ಟು ತಾವೂ ತಿಂದರು. ನಾನು ಕಾರಿನ ಹಿಂದೆ ಮರೆಯಾಗಿ ನಿಂತು ಅರ್ಧ ರೊಟ್ಟಿ ಚಟ್ನಿ ಹಚ್ಚಿಕೊಂಡು ತಿಂದೆ. ಕಳ್ಳಿಯ ಹಾಗೆ ತಿಂದೆ, ಆದರೂ ಹಸಿವಿಗೆ ರುಚಿಯಾಗಿಯೇ ಇತ್ತು. ಅಶ್ವಿನಿಯನ್ನು ಕರೆದೆ. ಅವಳು ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ‘ಇರ್ಲಿ, ಎಬ್ಬಿಸಬ್ಯಾಡ’ ಎಂದರು ಅತ್ತೆ.

ದಾರಿಯಲ್ಲಿ ಅತ್ತೆಯ ತಲೆ ಒಂದು ಸಲ ಪಕ್ಕಕ್ಕೆ ವಾಲಿತು. ಗಾಡಿ ನಿಲ್ಲಿಸಿ, ಕೈಗೆ ಸಿಕ್ಕ ಅಶ್ವಿನಿಯ ಬಾಟಲಿಯಿಂದ ಅವರ ಮುಖಕ್ಕೆ ನೀರು ತಟ್ಟಿ ಸೆರಗಿನಿಂದ ಒರೆಸಿದೆ. ಬಾಟಲಿ ಪೂರ್ತಿ ತುಂಬಿತ್ತು, ಒಳ್ಳೆಯದೇ ಆಯಿತು ಎಂದುಕೊಂಡೆ. ಅತ್ತೆ ತುಟಿ ಬಿಗಿಹಿಡಿದಿದ್ದರು, ಒಂದು ಹನಿಯೂ ಒಳಗೆ ಹೋಗದ ಹಾಗೆ.

ಯೇವಲಾ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಆ ಓಣಿಯಲ್ಲಿ ಮನೆಮನೆಯಿಂದಲೂ ಪೈಠಣಿ ಸೀರೆಯ ಮಗ್ಗದ ಸದ್ದು. ಜಂಗಮರ ಮನೆಯಲ್ಲೂ ಮಗ್ಗವಿತ್ತು, ಅದರಲ್ಲಿ ಕೂತು ಸೆರಗಿನ ನವಿಲು ನೇಯುತ್ತಿದ್ದವರು ಅಯ್ಯನವರ ಹೆಂಡತಿ ಶಾಂತಾಬಾಯಿ. ವಿಷಯ ಕೇಳಿದೊಡನೆ ಮಗ್ಗದಿಂದ ಎದ್ದು ಬಂದು ಅತ್ತೆಯನ್ನು ಕೈ ಹಿಡಿದು ಒಳಗೆ ಕರೆದೊಯ್ದರು. ಅವರದು ಬರಿ ಮರಾಠಿ. ಅತ್ತೆಗೂ ಮರಾಠಿ ನೀರು ಕುಡಿದಷ್ಟು ಸಲೀಸು ಎಂದು ಬರೆಯಹೊರಟಿದ್ದೆ. ಆವತ್ತಿನ ಮಟ್ಟಿಗೆ ಅದು ಸರಿಹೋಗುವ ಮಾತಲ್ಲ.

ಮಗ ನಿತೀಶ್ ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಇಪ್ಪತ್ತಾರರ ಹುಡುಗ. ತಾಯಿ ಕೂಗಿದ್ದಕ್ಕೆ ಓಡಿಬಂದವನು ವಿಷಯ ಕೇಳಿ ಬಾಗಿಲಲ್ಲೇ ನಿಂತುಬಿಟ್ಟ.

‘ಆಜಿ, ಮಲಾ ಕಾಹೀಚ ಯೇತ ನಾಹೀ’ ಎಂದ. ಅವನಿಗೆ ಏನೇನೂ ಬರುವುದಿಲ್ಲವಂತೆ. ಅಪ್ಪ ಕಲಿಸಲು ಕರೆದಾಗಲೆಲ್ಲ ಆಮೇಲೆ, ಆಮೇಲೆ ಎಂದು ದಿನ ದೂಡಿದನಂತೆ. ಫೋನಿನಲ್ಲಿ ಹುಡುಕಿ ನೋಡಲೇ ಎಂದು ಕೇಳಿದ.

ಅತ್ತೆ ಗೋಡೆಗೆ ಒರಗಿ ಕೂತಿದ್ದವರು ನೆಟ್ಟಗಾದರು. ‘ಫೋನ್ ಬ್ಯಾಡ’ ಎಂದು ಕನ್ನಡದಲ್ಲೇ ಅಂದು, ಆಮೇಲೆ ಮರಾಠಿಯಲ್ಲಿ ಹೇಳಿದರು: ನೀನು ಸ್ನಾನ ಮಾಡಿ ಬಾ, ನನಗೆ ಬರುತ್ತದೆ, ನಾನು ನಿನಗೆ ಹೇಳಿಕೊಡುತ್ತೇನೆ, ನೀನು ಅದನ್ನು ನನಗೆ ಕೊಡು.

ನಿತೀಶ್ ಸ್ನಾನ ಮಾಡಿ ಅಪ್ಪನ ಧೋತರ ಸುತ್ತಿಕೊಂಡು ಬಂದ. ಅದು ಅವನ ಸೊಂಟದಲ್ಲಿ ನಿಲ್ಲದೆ, ಶಾಂತಾಬಾಯಿ ಮಗ್ಗದ ಮೇಲಿನ ಒಂದು ನೂಲಿನ ದಾರ ತಂದು ಕಟ್ಟಬೇಕಾಯಿತು. ಅಯ್ಯನವರ ಮರದ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಲಿಂಗ ಹೊರಗೆ ಬಂತು. ಅತ್ತೆ ಅವನನ್ನು ಎದುರು ಕೂರಿಸಿಕೊಂಡು ಒಂದೊಂದಾಗಿ ಹೇಳಿಕೊಟ್ಟರು. ವಿಭೂತಿ ಎಲ್ಲಿ ಹಚ್ಚಬೇಕು, ಕೈ ಎಲ್ಲಿಡಬೇಕು, ಯಾವ ಮಾತಿಗೆ ಯಾವ ಮಾತು. ಅವನು ತಪ್ಪಿದಾಗ ಗದರಲಿಲ್ಲ. ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಒಣಗಿದ ಬಾಯಿ, ನಡುನಡುವೆ ಮಾತು ಕಟ್ಟಿ ನಿಲ್ಲುತ್ತಿತ್ತು. ಮೂರನೆಯ ಸಲಕ್ಕೆ ಅವನಿಗೆ ಪೂರಾ ಬಂತು. ಐದು ವರ್ಷ ಪಾಠ ಹೇಳಿದವಳು ನಾನು. ಯಾರು ಕಲಿಸಬಲ್ಲವರು ಎಂಬುದು ಇಪ್ಪತ್ತು ನಿಮಿಷದಲ್ಲಿ ನನಗೆ ಗೊತ್ತಾಯಿತು.

ಲಿಂಗ ಕೊಡುವ ಮೊದಲು ಶಾಂತಾಬಾಯಿ, ನಮ್ಮವರು ಯಾವಾಗಲೂ ಒಂದು ಮಾತು ಕೇಳುತ್ತಿದ್ದರು ಎಂದರು. ‘ಮೊದಲಿನದು ಹೇಗೆ ಹೋಯಿತು?’

ಅಶ್ವಿನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅತ್ತೆ ಅವಳ ಕಡೆ ನೋಡಲಿಲ್ಲ.

‘ವಯಸ್ಸಾತು. ಕೈ ನಡುಗ್ತು’ ಎಂದರು.

ನಿತೀಶ್ ಅವರ ತಲೆಯ ಮೇಲೆ ಕೈಯಿಟ್ಟು, ಬಲಗಿವಿಗೆ ಬಾಗಿ, ಅವರೇ ಕಲಿಸಿದ್ದನ್ನು ಅವರಿಗೇ ಹೇಳಿದ. ಲಿಂಗ ಎಡ ಅಂಗೈಗೆ ಬಂತು. ಅತ್ತೆ ಅದನ್ನು ಒಂದು ಕ್ಷಣ ಮೆಲ್ಲಗೆ ತೂಗಿ ನೋಡಿದರು. ‘ಹಗುರದ’ ಎಂದರು. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಆಮೇಲೆ ಸಾವಕಾಶ ಪೂಜೆ ಮಾಡಿದರು. ಮುಗಿಯುವ ಹೊತ್ತಿಗೆ ಒಂದೂ ಮುಕ್ಕಾಲು. ಆ ಕೈ ಒಂದು ಸಲವೂ ನಡುಗಲಿಲ್ಲ. ಇದನ್ನು ನಾನು ನೋಡಿದೆ. ನೋಡಿಯೂ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಶಾಂತಾಬಾಯಿ ಮಣ್ಣಿನ ಕೊಡದಿಂದ ಒಂದು ದೊಡ್ಡ ಲೋಟ ತಣ್ಣೀರು ತಂದರು. ನಾನು ಇಸಿದುಕೊಂಡು ಅತ್ತೆಯ ಬಾಯಿಗೆ ಹಿಡಿಯಹೋದೆ. ಅವರು ಲೋಟ ತಮ್ಮ ಕೈಗೆ ತೆಗೆದುಕೊಂಡು ಬಾಗಿಲ ಕಡೆ ಚಾಚಿದರು.

‘ಅಶ್ವಿನಿ, ಬಾ ಇಲ್ಲಿ. ಮೊದಲ ನೀ ಕುಡಿ.’

ನಾನು, ‘ಮೊದಲು ನೀವು ಕುಡೀರಿ ಅತ್ತೀ, ಆಕಿದೇನು’ ಎಂದೆ.

‘ಹೊಳಿ ದಂಡಿಯಿಂದ ಆಕಿ ಬಾಯಾಗ ಹನಿ ನೀರು ಹೋಗಿಲ್ಲ’ ಎಂದರು ಅತ್ತೆ. ‘ಒಂದು ತುತ್ತು ಅನ್ನನೂ ಹೋಗಿಲ್ಲ. ನನ್ನ ಸಂಗಟ ಕುಂತಾಳ, ಹಾಂಗೇ.’

ನನಗೆ ಆ ತುಂಬಿದ ಬಾಟಲಿ ನೆನಪಾಯಿತು. ಕೈಯಲ್ಲಿ ಹಿಡಿದದ್ದು, ಮುಚ್ಚಳ ತೆಗೆದದ್ದು, ಒಳ್ಳೆಯದಾಯಿತು ಎಂದುಕೊಂಡದ್ದು. ಅಶ್ವಿನಿ ಬಂದು ಅಜ್ಜಿಯ ಎದುರು ನಿಂತಳು. ಅವಳ ತುಟಿಯೂ ಅಜ್ಜಿಯ ತುಟಿಯ ಹಾಗೆಯೇ ಬಿಳಿಚಿಕೊಂಡಿತ್ತು. ಲೋಟ ಮುಟ್ಟಲಿಲ್ಲ. ಹುಟ್ಟಿದಂದಿನಿಂದ ಅಜ್ಜಿಗೆ ಮರಾಠಿಯಲ್ಲೇ ಉತ್ತರ ಕೊಟ್ಟ ಹುಡುಗಿ ಅವಳು. ಒಂದೊಂದೇ ಪದ ಹುಡುಕಿ ತೆಗೆದಳು.

‘ಆಜಿ... ನಿನ್ನ ಕೈ... ನಡುಗಿಲ್ಲ. ನಾ... ನಾ ಓಡಿದೆ. ನನ್ನ ಕೈ ಬಡೀತು.’

‘ಗೊತ್ತದ’ ಎಂದರು ಅತ್ತೆ. ‘ಕುಡಿ.’

ಅವಳು ಅಳು, ನೀರು ಎರಡನ್ನೂ ಒಟ್ಟಿಗೆ ನುಂಗುತ್ತ ಅರ್ಧ ಲೋಟ ಕುಡಿದಳು. ಉಳಿದರ್ಧವನ್ನು ಅತ್ತೆ ಕುಡಿದರು. ಆಮೇಲೆ ಶಾಂತಾಬಾಯಿ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬಿಸಿ ಭಾಕರಿ, ಪಿಠಲಾ ಬಡಿಸಿದರು.

ಸಂಭಾಜಿನಗರದ ದಾರಿಯಲ್ಲಿ ಮಕ್ಕಳಿಬ್ಬರೂ ನಿದ್ದೆ ಹೋದವು, ಅಶ್ವಿನಿಯದು ಈ ಸಲ ನಿಜವಾದ ನಿದ್ದೆ. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ನಾಚಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ.

‘ಅತ್ತೀ, ನನಗ ಗೊತ್ತೇ ಆಗ್ಲಿಲ್ರಿ’ ಎಂದೆ ಕೊನೆಗೆ.

‘ನೀ ಹೂವು ನೋಡ್ಲಾಕತ್ತಿದ್ದಿ’ ಎಂದರು. ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು, ಚಹಾಪುಡಿ ಒಯ್ದಿಲ್ಲ ಎಂದು ಹೇಳುವ ಹಾಗೆ.

‘ದೀಪಾವಳಿ ಆದ್ಮ್ಯಾಲ ಇಬ್ಬರನ್ನೂ ಶಾಲಿಗೆ ಹಾಕ್ತೀನ್ರಿ. ನೀವು ಅಂದಿದ್ದೇ ಖರೆ.’

ಅತ್ತೆ ಕೊರಳಿನ ಕರಡಿಗೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಅಶ್ವಿನಿಯ ತಲೆ ಅವರ ತೊಡೆಯ ಮೇಲಿತ್ತು. ಅವಳ ಕಾಲ್ಬೆರಳುಗಳಲ್ಲಿ ಘಾಟಿನ ಕೆಸರು ಇನ್ನೂ ಒಣಗಿ ಅಂಟಿಕೊಂಡಿತ್ತು.

‘ನಿಮ್ಮ ಶಾಲ್ಯಾಗ ಒಂದು ಖೋಲ್ಯಾಗ ಎಷ್ಟು ಹುಡುಗ್ರು ಇದ್ವು ಅಂದಿದ್ದಿ?’ ಎಂದು ಕೇಳಿದರು.

‘ಐವತ್ತೆರಡು ರೀ.’

‘ಐವತ್ತೆರಡರಾಗ ಯಾವುದು ನೀರು ಕುಡದಿಲ್ಲಂತ ಯಾರು ನೋಡ್ತಾರ? ಮನ್ಯಾಗೇ ಇರ್ಲಿ’ ಎಂದರು. ಅಶ್ವಿನಿಯ ಹಣೆಯ ಕೂದಲು ಹಿಂದೆ ಸರಿಸಿ, ‘ನಾನೂ ಇರ್ತೀನಿ’ ಎಂದರು.

ಭಾವನ ಮನೆಯಲ್ಲಿ ಆ ಸಂಜೆ ವಹಿ ತೆಗೆದೆ. ಮೂರನೆಯ ಹೂವಿನ ಮುಂದೆ ಎಷ್ಟು ಸೆಕೆಂಡು ಎಂದು ಬರೆಯುವ ಜಾಗ ಖಾಲಿ ಇತ್ತು. ಅದನ್ನು ಹಾಗೆಯೇ ಬಿಟ್ಟು, ಒಳಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟ ಮಾಡುತ್ತಿದ್ದವರನ್ನೆಲ್ಲ, ಯಾರು ಏನು ಹಾಕಿಸಿಕೊಂಡಿಲ್ಲ ಎಂದು, ಒಬ್ಬೊಬ್ಬರನ್ನಾಗಿ ನೋಡಿದೆ. ಅಮರ ಮೊಸರು ಹಾಕಿಸಿಕೊಂಡಿರಲಿಲ್ಲ.